ಅದು ಕೊಳೆಯಲ್ಲ, ಅಂಟು

ಹಳೆಯ ಅಮೃತಶಿಲೆಯ ಶಿಲ್ಪ ನನ್ನ ಮೇಜಿಗೆ ಬಂದಾಗಲೆಲ್ಲ ಜೊತೆಗೊಂದು ಮಾತೂ ಬರುತ್ತದೆ: "ಮೊದಲು ಚೆನ್ನಾಗಿ ತೊಳೆದುಬಿಡಿ, ಆಮೇಲೆ ಪರೀಕ್ಷೆ ಮಾಡಿ." ದಯವಿಟ್ಟು ಬೇಡ. ನಾನು ಹುಡುಕುವುದು ಕಲ್ಲಿನ ಮೇಲೆ ಉಳಿದ ಹಳೆಯ ಬಣ್ಣದ ಗುರುತು. ತೊಳೆದ ಮೇಲೆ ಪರೀಕ್ಷೆ ಮಾಡೋಕೆ ಏನೂ ಉಳಿದಿರುವುದಿಲ್ಲ.

ಇಲ್ಲಿ ಇಟಲಿಯ ಫ್ಲಾರೆನ್ಸಿನಲ್ಲಿ ಒಬ್ಬ ಅಜ್ಜಿ ತಮ್ಮ ಮನೆಯ ಸಣ್ಣ ಫಲಕ ತಂದಿದ್ದರು. ಮೇರಿ ಮಾತೆ, ತೊಡೆಯ ಮೇಲೆ ಬಾಲಯೇಸು. ಕೆತ್ತನೆ 15ನೇ ಶತಮಾನದ್ದಿರಬಹುದು ಅನಿಸಿತು. ನನಗೆ ತೋರಿಸಬೇಕಲ್ಲ ಅಂತ ಹಿಂದಿನ ದಿನವೇ ಸೋಪು ಹಾಕಿ ತಿಕ್ಕಿದ್ದರು. "ಬಟ್ಟೆಯ ಅಂಚಿನಲ್ಲಿ ಒಂದು ಕಂದು ಕಲೆ ಇತ್ತು, ಅದನ್ನು ತೆಗೆಯೋದಕ್ಕೇ ಅರ್ಧ ದಿನ ಹಿಡಿಯಿತು" ಎಂದರು. ಮುಖದಲ್ಲಿ ಅಷ್ಟು ಪ್ರೀತಿ. ಬೈಯಲು ಮನಸ್ಸು ಬರಲಿಲ್ಲ. ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಮಗುವಿನ ಹಿಮ್ಮಡಿಯ ಹಿಂದೆ, ಬ್ರಶ್ಶು ಹೋಗದ ಸಂದಿಯಲ್ಲಿ, ಸಾಸಿವೆ ಕಾಳಿಗಿಂತ ಚಿಕ್ಕ ತುಣುಕೊಂದು ಉಳಿದಿತ್ತು. ಕೆಳಗೆ ಕಂದು, ಮೇಲೆ ಮಿಣುಗುವ ಹಳದಿ. ಚಿನ್ನ!

ಇದನ್ನು ಎಷ್ಟು ಸಲ ಹೇಳಿದರೂ ನನಗೆ ಸಾಲದು. ಚಿನ್ನದ ರೇಕು ಬರೀ ಕಲ್ಲಿಗೆ ಅಂಟುವುದಿಲ್ಲ. ಎಣ್ಣೆಯಲ್ಲಿ ಸೀಸದ ಬಿಳಿ, ಕಾವಿಮಣ್ಣು ಅರೆದು ಅಂಟು ಮಾಡುತ್ತಿದ್ದರು. ಕುಂಚದಿಂದ ಅದರ ಗೆರೆ ಎಳೆದು, ಇನ್ನೂ ಜಿಗುಟಾಗಿರುವಾಗ ರೇಕು ಒತ್ತುತ್ತಿದ್ದರು. ರೇಕು ಕೂದಲಿಗಿಂತ ಎಷ್ಟೋ ಪಟ್ಟು ತೆಳು. ಕೈ ತಾಗಿ, ಬಟ್ಟೆ ತಾಗಿ ಮೊದಲು ಸವೆಯುವುದು ಅದೇ. ಅಂಟು ಹಿಂದೆ ಉಳಿದು, ಕಾಲ ಕಳೆದ ಹಾಗೆ ಕಂದಾಗುತ್ತದೆ. ಕಂದೆಲ್ಲ ಅಂಟೇ ಎನ್ನುತ್ತಿಲ್ಲ. ಮೇಣ, ಮೋಂಬತ್ತಿಯ ಮಸಿ, ಯಾರೋ ಸವರಿದ ಎಣ್ಣೆಯೂ ಹಾಗೇ ಕಾಣುತ್ತವೆ. ಆದರೆ ಕಲೆ ಅಂಚಿನುದ್ದಕ್ಕೂ ಒಂದೇ ಅಗಲಕ್ಕೆ ಸಾಗಿ, ಮೂಲೆಯಲ್ಲಿ ಬಳ್ಳಿಯಂತೆ ಸುತ್ತಿಕೊಂಡಿದ್ದರೆ? ಕೊಳೆ ಬಳ್ಳಿ ಬರೆಯುವುದಿಲ್ಲ, ಅಲ್ವಾ?

ಆ ಕಾಲದ ಫ್ಲಾರೆನ್ಸಿನಲ್ಲಿ ಅಮೃತಶಿಲೆಯನ್ನು ಸಾಮಾನ್ಯವಾಗಿ ಪೂರ್ತಿ ಬಣ್ಣದಿಂದ ಮುಚ್ಚುತ್ತಿರಲಿಲ್ಲ. ಕೂದಲಿಗೆ, ಪ್ರಭಾವಳಿಗೆ, ಅಂಚಿಗೆ ಚಿನ್ನ. ಕಣ್ಣಿಗೆ ತುಸು ಬಣ್ಣ, ಕೆಲವೊಮ್ಮೆ ಹಿನ್ನೆಲೆಗೆ ನೀಲಿ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ಫ್ಲಾರೆನ್ಸಿನ ಶಿಲ್ಪಿ ಆಂಟೋನಿಯೊ ರೊಸೆಲ್ಲಿನೊ ಸುಮಾರು 1455–60ರಲ್ಲಿ ಕೆತ್ತಿದ ಮೇರಿ-ಬಾಲಯೇಸು ಫಲಕವಿದೆ. ಅದರ ಚಿನ್ನ ಇನ್ನೂ ಕಾಣುತ್ತದೆ. ಹೋದರೆ ಪಕ್ಕದಿಂದ ಓರೆಯಾಗಿ ನೋಡಿ.

ನೀಲಿಯ ಕಥೆಯೇ ಬೇರೆ. "ಎಕ್ಸ್‌ರೇ ಯಂತ್ರ ತಾಮ್ರ ತೋರಿಸಲಿಲ್ಲ, ಹಾಗಾಗಿ ನೀಲಿ ಇರಲಿಲ್ಲ" ಅನ್ನುವ ವರದಿ ಓದಿದರೆ ನನಗೆ ತಡೆಯಲಾಗುವುದಿಲ್ಲ. ಆ ಯಂತ್ರ ಎಕ್ಸ್‌ರೇ ಬಿಟ್ಟು, ಬಣ್ಣದಲ್ಲಿ ಯಾವ ಧಾತುಗಳಿವೆ ಅಂತ ಹೇಳುತ್ತದೆ. ತಾಮ್ರ ಇರುವುದು ಅಜುರೈಟ್ ಎಂಬ ಖನಿಜದ ನೀಲಿಯಲ್ಲಿ. ಅಫ್ಘಾನಿಸ್ತಾನದ ಬದಕ್ಷಾನದಿಂದ ಬರುತ್ತಿದ್ದ ಲಾಪಿಸ್ ಲಾಜುಲಿ ಎಂಬ ಕಲ್ಲಿನ ನೀಲಿಯಲ್ಲಿರುವುದು ಸೋಡಿಯಂ, ಅಲ್ಯೂಮಿನಿಯಂ, ಸಿಲಿಕಾನ್, ಗಂಧಕ. ಈ ಹಗುರ ಧಾತುಗಳು ಕೈಯಲ್ಲಿ ಹಿಡಿಯುವ ಯಂತ್ರಕ್ಕೆ ಸರಿಯಾಗಿ ಸಿಗುವುದಿಲ್ಲ. ಅದಕ್ಕೆ ರಾಮನ್ ಪರೀಕ್ಷೆ ಬೇಕು: ಬೆಳಕು ಬಿಟ್ಟು, ಅದು ಚದುರುವ ರೀತಿಯಿಂದ ವಸ್ತು ಯಾವುದೆಂದು ಗುರುತಿಸುವುದು. ಹೌದು, ಬೆಂಗಳೂರಿನಲ್ಲಿ ಸಂಸ್ಥೆ ಕಟ್ಟಿದ ನಮ್ಮ ಸಿ.ವಿ. ರಾಮನ್ 1928ರಲ್ಲಿ ಕಂಡುಹಿಡಿದ ಪರಿಣಾಮವೇ ಇದರ ಮೂಲ. ಅವರ ಹೆಸರಿನ ಯಂತ್ರದಲ್ಲಿ ಮೇರಿ ಮಾತೆಯ ಹಿಂದಿನ ನೀಲಿ ಹುಡುಕುವಾಗ ನನಗೆ ಪ್ರತಿ ಸಲವೂ ಖುಷಿಯಾಗುತ್ತದೆ.

ತೊಳೆಯುವ ಹುಚ್ಚು ಮನೆಯವರದ್ದು ಮಾತ್ರವಲ್ಲ. 1843ರಲ್ಲಿ ಮೈಕೆಲೇಂಜೆಲೊನ ದಾವೀದ ಶಿಲ್ಪವನ್ನೇ ಹೈಡ್ರೋಕ್ಲೋರಿಕ್ ಆಮ್ಲದಿಂದ ತೊಳೆದರು. ಅಮೃತಶಿಲೆ ಆಮ್ಲದಲ್ಲಿ ಕರಗುತ್ತದೆ. ಕೊಳೆಯ ಜೊತೆ ಕಲ್ಲಿನ ಮೇಲ್ಮೈಯೂ ಹೋಗುತ್ತದೆ.

ಅಜ್ಜಿ ಕೇಳಿದರು, "ಈ ಚಿನ್ನ ಕೆತ್ತಿದವರೇ ಹಚ್ಚಿದ್ದಾ?" ಅಂಟಿನ ಕೆಳಗೆ ಧೂಳಿನ ಪದರ ಇದ್ದರೆ ಆಮೇಲೆ ಹಚ್ಚಿದ್ದಿರಬೇಕು. ಕಲ್ಲಿಗೆ ನೇರ ಕೂತಿದ್ದರೆ ಮೊದಲಿನದ್ದಿರಬಹುದು. ಅಡ್ಡಲಾಗಿ ಕೊಯ್ದು ಪದರ ನೋಡಬೇಕು. ಅಂಚು ಪೂರ್ತಿ ಇದ್ದಿದ್ದರೆ ಒಂದು ಚೂರು ತೆಗೆಯಬಹುದಿತ್ತು. ಈಗ ಉಳಿದಿರುವುದೇ ಅದೊಂದು. ಕೊಯ್ಯಲು ನನಗೆ ಕೈ ಬರಲಿಲ್ಲ.