ಎತ್ತು ಹೊಸದು, ನೊಗ ಹಳೆಯದು

ಬಳ್ಳಾರಿಯ ಒಂದು ಗ್ಯಾರೇಜಿನಲ್ಲಿ ಹಳೇ ಪೇಪರ್ ಹಾಸಿ, ಅದರ ಮೇಲೆ ನಮ್ಮ ಮಾಮನ ಕಾಂಟೆಸ್ಸಾ ಕಾರಿನ ಗೇರ್ ಬಾಕ್ಸ್ ಬಿಚ್ಚಿಟ್ಟಿದ್ದರು. ಏಪ್ರಿಲ್ ತಿಂಗಳ ಮಧ್ಯಾಹ್ನ. ತಗಡಿನ ಶೆಡ್ಡು ರೊಟ್ಟಿ ಹಂಚಿನ ಹಾಗೆ ಕಾದಿತ್ತು. ಮೇಸ್ತ್ರಿ ಮೂರನೇ ಗೇರನ್ನು ಡೀಸೆಲ್‌ನಲ್ಲಿ ತೊಳೆದು, ಬಟ್ಟೆಯಲ್ಲಿ ಒರೆಸಿ ನನ್ನ ಕೈಗಿಟ್ಟರು. ಎರಡು ಹಲ್ಲು ಇರಲಿಲ್ಲ.

ಮುರಿದ ಜಾಗವನ್ನು ಬೆಳಕಿಗೆ ಹಿಡಿದು ನೋಡಿದೆ. ಅರ್ಧ ಭಾಗ ನುಣ್ಣಗೆ, ಕಪ್ಪಗೆ ಇತ್ತು. ಕೊಯ್ದ ಮರದ ದಿಮ್ಮಿಯಲ್ಲಿ ಉಂಗುರಗಳು ಕಾಣ್ತವಲ್ಲ, ಆ ಥರ ಸಣ್ಣ ಗೆರೆಗಳು. ಇನ್ನರ್ಧ ಆಗ ತಾನೇ ಒಡೆದ ಕಲ್ಲುಸಕ್ಕರೆಯಂತೆ ಒರಟಾಗಿ ಹೊಳೆಯುತ್ತಿತ್ತು.

"ಇದು ನಿನ್ನೆ ಮುರಿದಿದ್ದಲ್ರಿ ಅಣ್ಣಾರ. ಬಿರುಕು ಬಿಟ್ಟು ಭಾಳ ದಿನ ಆಗೈತಿ. ನಿನ್ನೆ ಉಳಿದ ಅರ್ಧ ಕೈಬಿಟ್ಟೈತಿ, ಅಷ್ಟ" ಎಂದರು ಮೇಸ್ತ್ರಿ. ಆಮೇಲೆ ಮಾಮನ ಕಡೆ ತಿರುಗಿ, "ನೀವು ಎತ್ತು ಹೊಸಾವು ತಂದೀರಿ, ನೊಗ ಹಳೇದ ಇಟ್ಟೀರಿ" ಅಂದರು.

ಆಗಿದ್ದು ಇಷ್ಟು. ಕಾಂಟೆಸ್ಸಾ 1984ರಲ್ಲಿ ಬಂದಾಗ ಅದಕ್ಕಿದ್ದದ್ದು ಅಂಬಾಸಿಡರ್‌ನದೇ 1.5 ಲೀಟರ್ ಇಂಜಿನ್, ನಾಲ್ಕು ಗೇರು. ಸುಮಾರು 50 ಅಶ್ವಶಕ್ತಿ. ಅಷ್ಟು ದೊಡ್ಡ ದೇಹಕ್ಕೆ ಅದು ಸಾಲುತ್ತಿರಲಿಲ್ಲ. ಮುಂದೆ ಕಂಪನಿಯವರೇ ಇಸುಜು 1.8 ಲೀಟರ್ ಇಂಜಿನ್ ಕೂರಿಸಿದರು, 88 ಅಶ್ವಶಕ್ತಿ ಬಂತು. ಆದರೆ ಅವರು ಇಂಜಿನ್ ಒಂದನ್ನೇ ಬದಲಿಸಲಿಲ್ಲ, ಅದರ ಜೊತೆ ಐದು ಗೇರಿನ ಬಾಕ್ಸನ್ನೂ ಹಾಕಿದರು. ನಮ್ಮ ಮಾಮನದ್ದು ಮೊದಲಿನ ಗಾಡಿ. ಎಲ್ಲೋ ಇಸುಜು ಇಂಜಿನ್ ಸಿಕ್ಕಿತು. ಖರ್ಚು ಉಳಿಯುತ್ತೆ ಅಂತ ನಾವು ಹಳೇ ಗೇರ್ ಬಾಕ್ಸನ್ನೇ ಉಳಿಸಿಕೊಂಡು, ನಡುವೆ ಒಂದು ಅಡಾಪ್ಟರ್ ಪ್ಲೇಟ್ ಮಾಡಿಸಿ ಜೋಡಿಸಿದೆವು. ತಪ್ಪು ಪೂರ್ತಿ ನಮ್ಮದೇ. ಆರು ತಿಂಗಳು ಗಾಡಿ ಕುದುರೆ ಹಾಗೆ ಓಡಿತು. ಆಮೇಲೊಂದು ದಿನ ಸಂಡೂರಿನ ಗುಡ್ಡದ ಏರಿನಲ್ಲಿ 'ಟಕ್' ಅಂದಿತು.

ಆರು ತಿಂಗಳು ಸುಮ್ನೆ ಓಡಿದ ಗೇರ್ ಬಾಕ್ಸ್ ಆವತ್ತೇ ಯಾಕೆ ಮುರಿಯಿತು? ಈ ಪ್ರಶ್ನೆಗೆ ದಾರಿ ತೋರಿದವರು ಜರ್ಮನಿಯ ಇಂಜಿನಿಯರ್ ಆಗಸ್ಟ್ ವೋಲರ್. 1850 ಮತ್ತು 60ರ ದಶಕದಲ್ಲಿ ಅವರು ರೈಲಿನ ಅಚ್ಚುಗಳು ಯಾಕೆ ಮುರಿಯುತ್ತವೆ ಅಂತ ಹುಡುಕಿದರು. ಕಬ್ಬಿಣವನ್ನು ಒಂದೇ ಏಟಿಗೆ ಮುರಿಯಲು ಬೇಕಾದ ಭಾರಕ್ಕಿಂತ ಎಷ್ಟೋ ಕಡಿಮೆ ಭಾರವನ್ನೇ ಲಕ್ಷಾಂತರ ಸಲ ಹೇರಿದರೂ ಅದು ಮುರಿಯುತ್ತದೆ ಅಂತ ತೋರಿಸಿದರು. ಲೋಹ ದಣಿಯುತ್ತದೆ. ಆದರೆ ಉಕ್ಕಿಗೆ ಒಂದು ಗಡಿ ಇದೆ. ಭಾರ ಆ ಗಡಿಯ ಕೆಳಗಿದ್ದರೆ ಎಷ್ಟು ಸಲ ಹೇರಿದರೂ ಅದು ಹೆಚ್ಚುಕಮ್ಮಿ ದಣಿಯುವುದೇ ಇಲ್ಲ. ಗಡಿ ದಾಟಿದರೆ ದಿನ ಎಣಿಸಲು ಶುರುವಾಗುತ್ತದೆ.

ಹಳೇ ಕಾರುಗಳ ಗೇರ್ ಬಾಕ್ಸ್ ಮೂವತ್ತು ನಲವತ್ತು ವರ್ಷ ಬಾಳುವುದು ಇದರಿಂದಲೇ. ಅದಕ್ಕೆ ಬೀಳುವ ಭಾರ ಗಡಿಯ ಒಳಗಿರುವ ಹಾಗೆ ಅದನ್ನು ಮಾಡಿರುತ್ತಾರೆ. ನಾವು ಇಂಜಿನ್ ದೊಡ್ಡದು ಮಾಡಿದಾಗ ಗಡಿ ದಾಟುತ್ತೇವೆ, ನಮಗೆ ಗೊತ್ತೇ ಆಗುವುದಿಲ್ಲ. ಕೆಳಗಿನ ಗೇರುಗಳಲ್ಲಿ ಇಂಜಿನ್ ನಿಮಿಷಕ್ಕೆ 3000 ಸುತ್ತಿನಲ್ಲಿ ಓಡುವಾಗ, ಇಂಜಿನ್ ಬಲವನ್ನು ಬಾಕ್ಸಿನ ಒಳಗೆ ತರುವ ಇನ್‌ಪುಟ್ ಶಾಫ್ಟಿನ ಗೇರಿನ ಒಂದೊಂದು ಹಲ್ಲೂ ನಿಮಿಷಕ್ಕೆ 3000 ಸಲ ಭಾರ ಹೊರುತ್ತದೆ. ಗಂಟೆಗೆ 1 ಲಕ್ಷ 80 ಸಾವಿರ ಸಲ. ಆರು ತಿಂಗಳು ಗುಡ್ಡ ಹತ್ತಿ ಇಳಿದರೆ ಎಷ್ಟಾಯಿತು ನೋಡಿ.

ಆ ಭಾರ ಎಷ್ಟಿರುತ್ತದೆ? ಒಂದು ಅಂದಾಜು ಲೆಕ್ಕ ಹಾಕೋಣ. ಇಂಜಿನ್ 150 ನ್ಯೂಟನ್ ಮೀಟರ್ ತಿರುಗುಬಲ ಕೊಡುತ್ತದೆ ಅಂದುಕೊಳ್ಳಿ. ಗೇರ್ ಬಾಕ್ಸಿನ ಮೊದಲ ಜೋಡಿ ಗೇರು ಅದನ್ನು 1.6 ಪಟ್ಟು ಮಾಡಿ ಕೆಳಗಿನ ಲೇ ಶಾಫ್ಟಿಗೆ ಕೊಟ್ಟರೆ 240 ಆಯಿತು. ಲೇ ಶಾಫ್ಟಿನ ಮೇಲೆ ಮೊದಲನೇ ಗೇರು ತೀರಾ ಚಿಕ್ಕದು, ಮಧ್ಯದಿಂದ ಹಲ್ಲಿಗೆ ಎರಡೂವರೆ ಸೆಂಟಿಮೀಟರ್ ಇರಬಹುದು. ಆ ಹಲ್ಲಿನ ಮೇಲೆ ಬೀಳುವ ಒತ್ತಡ ಸುಮಾರು 980 ಕೆ.ಜಿ. ತೂಕಕ್ಕೆ ಸಮ. ಸಿರುಗುಪ್ಪದ ಕಡೆ ಭತ್ತದ ಚೀಲ 75 ಕೆ.ಜಿ. ಇರುತ್ತೆ ಅಲ್ವಾ? ಅಂಥ 13 ಚೀಲ. ಇಷ್ಟನ್ನೂ ಹೊರುವುದು ಬೆರಳ ತುದಿಯಷ್ಟು ಅಗಲದ ಒಂದೆರಡು ಹಲ್ಲು. ಇಂಜಿನ್ 100 ನ್ಯೂಟನ್ ಮೀಟರ್‌ನದ್ದಾಗಿದ್ದರೆ ಒಂಬತ್ತು ಚೀಲವೂ ಆಗುತ್ತಿರಲಿಲ್ಲ.

ಮೂರನೇ ಗೇರಿನ ಹಲ್ಲಿಗೆ ಭಾರ ಇದಕ್ಕಿಂತ ಕಡಿಮೆ. ಆದರೆ ಮೊದಲನೇ ಗೇರಿನಲ್ಲಿ ನಾವು ಇರುವುದು ಕೆಲವೇ ಸೆಕೆಂಡು. ಏರಿನಲ್ಲಿ ಮೂರನೇ ಗೇರಿನಲ್ಲೇ ಎಳೆಯುತ್ತಾ ಇರುತ್ತೇವೆ. ನಾಲ್ಕನೇ ಗೇರಿಗೆ ಬಿದ್ದರೆ ಇಂಥ ಹಳೇ ಬಾಕ್ಸಿನಲ್ಲಿ ಬಲ ಇನ್‌ಪುಟ್ ಶಾಫ್ಟಿನಿಂದ, ಚಕ್ರಗಳ ಕಡೆಗೆ ಬಲ ಕೊಡುವ ಮೇನ್ ಶಾಫ್ಟಿಗೆ ನೇರ ಹೋಗುತ್ತದೆ. ಆಗ ಹಲ್ಲುಗಳ ಮೇಲೆ ಎಳೆತದ ಭಾರ ಇರುವುದಿಲ್ಲ. ಬಯಲಿನ ಹೆದ್ದಾರಿ ಗೇರ್ ಬಾಕ್ಸಿಗೆ ವಿಶ್ರಾಂತಿ, ಗುಡ್ಡವೇ ದುಡಿಮೆ.

ಬೇರಿಂಗಿನ ಲೆಕ್ಕ ಇನ್ನೂ ಸ್ಪಷ್ಟ. ಬಾಲ್ ಬೇರಿಂಗಿನ ಮೇಲೆ ಭಾರ ಒಂದೂವರೆ ಪಟ್ಟು ಆದರೆ ಅದರ ಆಯುಷ್ಯ ಒಂದೂವರೆ ಪಟ್ಟು ಕಡಿಮೆ ಆಗುವುದಿಲ್ಲ. ಒಂದೂವರೆಯನ್ನು ಒಂದೂವರೆಯಿಂದ, ಬಂದದ್ದನ್ನು ಮತ್ತೆ ಒಂದೂವರೆಯಿಂದ ಗುಣಿಸಬೇಕು, ಅಷ್ಟು ಪಟ್ಟು ಕಡಿಮೆಯಾಗುತ್ತದೆ. ಆಯುಷ್ಯ ಮೂರನೇ ಒಂದು ಭಾಗಕ್ಕಿಂತ ಕೆಳಗಿಳಿಯುತ್ತದೆ. ಕಾಲು ಭಾಗ ಬಲ ಹೆಚ್ಚಿಸಿದರೂ ಆಯುಷ್ಯ ಸುಮಾರು ಅರ್ಧ. ದುಪ್ಪಟ್ಟು ಮಾಡಿದರೆ ಎಂಟರಲ್ಲಿ ಒಂದು ಪಾಲು. ಹಲ್ಲಿನ ಬುಡದ ಲೆಕ್ಕ ಇದಕ್ಕಿಂತ ಕಠಿಣ. 'ಸ್ವಲ್ಪ ಪಿಕಪ್ ಜಾಸ್ತಿ ಮಾಡಿಸಿದೀನಿ ಅಷ್ಟೇ' ಅನ್ನುವವರು ಈ ಲೆಕ್ಕವನ್ನು ಒಮ್ಮೆ ನೋಡಬೇಕು.

ಹಾಗಾದರೆ ಹಲ್ಲನ್ನೇ ಗಟ್ಟಿ ಮಾಡಿದರೆ? ಮಾಡೇ ಇರುತ್ತಾರೆ. ಊರಿನ ಕಮ್ಮಾರ ಕುಡುಗೋಲನ್ನು ಕಾಸಿ, ಬಡಿದು, ನೀರಿಗೆ ಅದ್ದಿ ಹದ ಮಾಡ್ತಾನಲ್ಲ, ಗೇರಿಗೂ ಅಂಥದೇ ಹದ. ಇಂಗಾಲ ಕಡಿಮೆ ಇರುವ ಉಕ್ಕಿನಲ್ಲಿ ಗೇರ್ ಕೊರೆದು, 900 ಡಿಗ್ರಿ ದಾಟಿದ ಬಿಸಿಯಲ್ಲಿ ಅದರ ಮೇಲ್ಮೈಗೆ ಇಂಗಾಲ ಉಣಿಸಿ, ಎಣ್ಣೆಗೆ ಅದ್ದುತ್ತಾರೆ. ಒಂದು ಮಿಲಿಮೀಟರ್ ಆಸುಪಾಸಿನ ಹೊರಪದರ ಮಾತ್ರ ಗಾಜಿನಂತೆ ಗಟ್ಟಿಯಾಗುತ್ತದೆ. ಒಳಗು ಮೆತ್ತಗೇ ಉಳಿದು ಏಟು ತಡೆಯುತ್ತದೆ. ಪೂರ್ತಿ ಗಟ್ಟಿ ಮಾಡಿದರೆ ಮೊದಲ ಏಟಿಗೇ ಸೀಳಿ ಹೋಗುತ್ತಿತ್ತು. ಆದ್ದರಿಂದಲೇ ಎದ್ದು ಹೋದ ಹಲ್ಲಿಗೆ ವೆಲ್ಡಿಂಗ್ ಮಾಡಿಸಿ ಅರದಿಂದ ಉಜ್ಜಿ ಹಾಕಿದರೆ ಅದು ನಿಲ್ಲುವುದಿಲ್ಲ. ವೆಲ್ಡಿಂಗಿನ ಬಿಸಿಗೆ ಆ ಹದವೇ ಹೋಗಿರುತ್ತದೆ.

ಹಲ್ಲು ಓರೆಯಾಗಿರುವುದೂ ಒಂದು ಕಥೆ. ಗಾಡಿ ರಿವರ್ಸ್ ಹಾಕಿದಾಗ 'ಕುಂಯ್' ಅನ್ನುವ ಸದ್ದು ಕೇಳಿರುತ್ತೀರಿ. ಸಾಮಾನ್ಯವಾಗಿ ರಿವರ್ಸ್ ಗೇರಿನ ಹಲ್ಲು ನೇರವಾಗಿರುತ್ತವೆ, ಒಂದಾದ ಮೇಲೊಂದು ಬಡಿಯುತ್ತವೆ. ಮುಂದಿನ ಗೇರುಗಳ ಹಲ್ಲು ಓರೆ. ಒಂದು ಬಿಡುವ ಮೊದಲೇ ಇನ್ನೊಂದು ಹಿಡಿದಿರುತ್ತದೆ, ಸದ್ದಿಲ್ಲ. ಆದರೆ ಓರೆ ಹಲ್ಲು ಶಾಫ್ಟನ್ನು ಉದ್ದುದ್ದಕ್ಕೂ ತಳ್ಳುತ್ತದೆ, ಆ ತಳ್ಳು ಬೇರಿಂಗಿನ ಮೇಲೆ ಬೀಳುತ್ತದೆ. 1960ರ ದಶಕದಲ್ಲಿ ಅಮೆರಿಕದ ಷೆವರ್ಲೆ ಕಾರುಗಳಿಗೆ ಮನ್ಸಿ ಎಂ22 ಎಂಬ ಗೇರ್ ಬಾಕ್ಸ್ ಬಂತು. ಜಾಸ್ತಿ ಬಲದ ಇಂಜಿನ್‌ಗಳಿಗೆಂದೇ ಮಾಡಿದ್ದು. ಅದರಲ್ಲಿ ಹಲ್ಲಿನ ಓರೆ ಕಡಿಮೆ ಮಾಡಿದರು. ಬೇರಿಂಗ್ ಉಳಿಯಿತು, ಸದ್ದು ಬಂತು. ಜನ ಅದಕ್ಕೆ 'ರಾಕ್ ಕ್ರಷರ್' ಅಂತ ಹೆಸರಿಟ್ಟರು. ಜಲ್ಲಿ ಕ್ರಷರ್ ಸದ್ದು ಕೇಳಿ ಬೆಳೆದ ನಮ್ಮ ಜಿಲ್ಲೆಯವರಿಗೆ ಆ ಹೆಸರನ್ನು ಬಿಡಿಸಿ ಹೇಳಬೇಕಿಲ್ಲ.

ಹಲ್ಲುಗಳು ಶಾಫ್ಟುಗಳನ್ನು ದೂರ ದೂರಕ್ಕೂ ತಳ್ಳುತ್ತವೆ. ಆ 13 ಚೀಲದ ಭಾರ ಬಿದ್ದಾಗ ಅದರ ಜೊತೆಗೆ ಸುಮಾರು ಐದು ಚೀಲದಷ್ಟು ಬಲ ಶಾಫ್ಟುಗಳನ್ನು ಒಂದರಿಂದ ಒಂದು ಬೇರ್ಪಡಿಸಲು ನೋಡುತ್ತದೆ. ಶಾಫ್ಟು ಕೂದಲೆಳೆಯಷ್ಟು ಬಾಗಿದರೂ ಹಲ್ಲು ಪೂರ್ತಿ ಅಗಲಕ್ಕೆ ಕೂರುವುದಿಲ್ಲ, ಭಾರ ತುದಿಗೆ ಸರಿಯುತ್ತದೆ. ಕವಚ ಅಲ್ಯೂಮಿನಿಯಂ ಆಗಿದ್ದರೆ ಬಿಸಿಗೆ ಅದು ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. 40 ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ, ಏರಿನಲ್ಲಿ, ಬೇರಿಂಗಿನ ಹಿಡಿತ ಸಡಿಲವಾಗಲು ಇದೂ ಕಾರಣ. ಜಾಸ್ತಿ ಬಲದ ಗೇರ್ ಬಾಕ್ಸುಗಳಲ್ಲಿ ಎರಡು ಶಾಫ್ಟಿನ ನಡುವಿನ ಅಂತರವೇ ದೊಡ್ಡದಿರುತ್ತದೆ. ಹಳೇ ಬಾಕ್ಸಿನಲ್ಲಿ ಆ ಅಂತರವನ್ನು ಯಾವ ಮೇಸ್ತ್ರಿಯೂ ಹೆಚ್ಚಿಸಲು ಆಗುವುದಿಲ್ಲ.

ನಾವು ಮಾಡಿದ ಇನ್ನೊಂದು ತಪ್ಪನ್ನೂ ಹೇಳಬೇಕು. ಹೊಸ ಇಂಜಿನ್ ಬಲಕ್ಕೆ ಕ್ಲಚ್ ಜಾರುತ್ತೆ ಅಂತ ತೀರಾ ಬಿಗಿಯಾದ ಪ್ರೆಷರ್ ಪ್ಲೇಟ್, ಸ್ಪ್ರಿಂಗ್ ಇಲ್ಲದ ಕ್ಲಚ್ ಪ್ಲೇಟ್ ಹಾಕಿಸಿದೆವು. ಟೈರೂ ಅಗಲದ್ದು. ಇಂಜಿನ್ ಗರಿಷ್ಠ ಬಲಕ್ಕಿಂತ ಸ್ವಲ್ಪ ಜಾಸ್ತಿ ಬಲ ಬಂದ ತಕ್ಷಣ ಸರಿಯಾದ ಕ್ಲಚ್ ಜಾರುತ್ತದೆ. ಜಾರಿ ಗೇರ್ ಬಾಕ್ಸನ್ನು ಕಾಯುತ್ತದೆ. ಪ್ಲೇಟಿನ ಸ್ಪ್ರಿಂಗುಗಳು ಇಂಜಿನ್ನಿನ ಒಂದೊಂದು ಸಿಡಿತದ ಏಟನ್ನೂ ನುಂಗುತ್ತವೆ. ಟೈರ್ ಸಣ್ಣದಿದ್ದರೆ ಅದೂ ಜಾರುತ್ತದೆ. ಇವನ್ನೆಲ್ಲ ತೆಗೆದದ್ದು ಫ್ಯೂಸ್ ಹೋಯಿತು ಅಂತ ದಪ್ಪ ತಂತಿ ಸುತ್ತಿದ ಹಾಗಾಯಿತು. ಕ್ಲಚ್ ಪೆಡಲಿನಿಂದ ಕಾಲು ಪಟ್ಟನೆ ತೆಗೆದಾಗ, ಜೋರಾಗಿ ತಿರುಗುತ್ತಿರುವ ಫ್ಲೈವೀಲಿನ ಶಕ್ತಿಯೆಲ್ಲ ಒಂದೇ ಏಟಿಗೆ ಹಲ್ಲಿನ ಮೇಲೆ ಬೀಳುತ್ತದೆ. ನನ್ನ ಪ್ರಕಾರ ನಮ್ಮ ಮೂರನೇ ಗೇರಿನಲ್ಲಿ ಬಿರುಕು ಶುರುವಾದದ್ದು ಇಂಥ ಏಟುಗಳಿಂದ. ಏರು ಅದನ್ನು ಮುಗಿಸಿತು.

ಎಣ್ಣೆ ಬಗ್ಗೆ ಒಂದೇ ಮಾತು. ಜಾಸ್ತಿ ಭಾರಕ್ಕೆ ಜಾಸ್ತಿ ಗಟ್ಟಿ ಎಣ್ಣೆ ಅಂತ ಹಿಂದಿನ ಆಕ್ಸಲ್‌ಗೆ ಹಾಕುವ ಜಿಎಲ್-5 ಎಣ್ಣೆಯನ್ನು ಗೇರ್ ಬಾಕ್ಸಿಗೂ ಹಾಕುವವರಿದ್ದಾರೆ. ಅದರಲ್ಲಿ ಗಂಧಕ ಮತ್ತು ರಂಜಕದ ಅಂಶ ಜಾಸ್ತಿ. ಅಂಥ ಕೆಲವು ಎಣ್ಣೆಗಳು ಬಿಸಿಯಲ್ಲಿ ಸಿಂಕ್ರೊನೈಸರಿನ (ಗೇರ್ ಬದಲಿಸುವಾಗ ವೇಗ ಹೊಂದಿಸುವ ಭಾಗ) ಹಿತ್ತಾಳೆ ರಿಂಗನ್ನು ತಿನ್ನುತ್ತವೆ. ಕೈಪಿಡಿಯಲ್ಲಿ ಬರೆದ ಎಣ್ಣೆಯನ್ನೇ ಹಾಕಿ.

ಕೊನೆಗೆ ಆ ಇಂಜಿನ್‌ಗೇ ಸೇರಿದ ಐದು ಗೇರಿನ ಬಾಕ್ಸ್ ಹುಡುಕಿ ತಂದೆವು. ಅಡಾಪ್ಟರ್ ಪ್ಲೇಟ್ ಬೇಕಾಗಲಿಲ್ಲ. ಬಿಚ್ಚಿದ ಆ ಪ್ಲೇಟನ್ನು ಮೇಸ್ತ್ರಿ ಡಯಲ್ ಗೇಜ್ ಹಚ್ಚಿ ನೋಡಿದರೆ ನಡುಬಿಂದು ಕೂದಲಿಗಿಂತ ಜಾಸ್ತಿ ಸರಿದಿತ್ತು. ಇನ್‌ಪುಟ್ ಬೇರಿಂಗ್ ಸವೆದದ್ದು ಯಾಕೆ ಅಂತ ಆಗ ಗೊತ್ತಾಯಿತು. ಹಿಂದಿನ ಆಕ್ಸಲ್‌ಗೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟನ್ನು ಹೊಸ ಅಳತೆಗೆ ಮಾಡಿಸಿ ಬ್ಯಾಲೆನ್ಸ್ ಮಾಡಿಸಿದೆವು. ಸ್ಪ್ರಿಂಗ್ ಇರುವ ಕ್ಲಚ್ ಪ್ಲೇಟ್ ಮರಳಿ ಬಂತು. ಇಂಜಿನ್ ಬದಲಾವಣೆಯನ್ನು ಆರ್‌ಟಿಒದಲ್ಲಿ ಆರ್‌ಸಿಗೆ ಸೇರಿಸಿದ್ದೂ ಆಯಿತು. ಯಾರೇ ಇಂಜಿನ್ ಬದಲಿಸಿದರೂ ಇದನ್ನು ಮರೆಯಬಾರದು.

ಸಾವಿರ ಕಿಲೋಮೀಟರ್ ಓಡಿಸಿದ ಮೇಲೆ ಮತ್ತೆ ಅದೇ ಗ್ಯಾರೇಜಿಗೆ ಹೋದೆವು. ಎಣ್ಣೆ ಇಳಿಸುವ ಬೋಲ್ಟಿನ ತುದಿಗೆ ಅಯಸ್ಕಾಂತ ಇರುತ್ತದೆ. ಉಕ್ಕಿನ ಚೂರು ಸಿಕ್ಕಿದ್ದರೆ ಹಲ್ಲಿಗೆ ಕಷ್ಟ. ಇಳಿದ ಎಣ್ಣೆಯಲ್ಲಿ ಹಳದಿ ಮಿನುಗಿದ್ದರೆ ಹಿತ್ತಾಳೆ ರಿಂಗ್ ಸವೆಯುತ್ತಿದೆ ಅಂತ ಅರ್ಥ. ಮೇಸ್ತ್ರಿ ಬೋಲ್ಟನ್ನು ಬಿಚ್ಚಿ, ತುದಿಯನ್ನು ಹೆಬ್ಬೆರಳಿನಿಂದ ಸವರಿ, ಬೆರಳನ್ನು ಬಿಸಿಲಿಗೆ ಹಿಡಿದರು. ವಿಭೂತಿಯಷ್ಟು ನುಣುಪಾದ ಬೂದು ಬಣ್ಣದ ಪುಡಿ. ತಟ್ಟೆಯಲ್ಲಿದ್ದ ಎಣ್ಣೆಯನ್ನೂ ಬಾಗಿ ನೋಡಿದರು. ಮತ್ತೇನೂ ಇರಲಿಲ್ಲ. "ಹೊಸ ಹಲ್ಲು ಕೂಡಿಕೊಳ್ಳಾಕತ್ತಾವ್ರಿ" ಅಂದು, ಬೆರಳನ್ನು ಬಟ್ಟೆಗೆ ಒರೆಸಿಕೊಂಡು, ಬೋಲ್ಟ್ ಮರಳಿ ಬಿಗಿದರು.