ಹದಿನಾಲ್ಕು ತಿಂಗಳಾದರೂ ನಡೆಯದ ಮಗು

ಹೊರಗೆ ಕಕ್ಕಡ ತಿಂಗಳ ಮಳೆ. ಕೊಡಗಿನ ಸಿದ್ದಾಪುರದ ಕಡೆಯ ಅಂಗನವಾಡಿಯೊಂದಕ್ಕೆ ಲೈನ್ ಮನೆಯ (ತೋಟದ ಕಾರ್ಮಿಕರ ಸಾಲುಮನೆಯ) ಅಜ್ಜಿ ಮೊಮ್ಮಗನನ್ನು ಸೊಂಟದ ಮೇಲೆ ಹೊತ್ತು ಬಂದಿದ್ದರು. ‘ಹದಿನಾಲ್ಕು ತಿಂಗಳಾಯ್ತು ಟೀಚರೇ, ಇನ್ನೂ ಹೆಜ್ಜೆ ಇಟ್ಟಿಲ್ಲ. ಪಕ್ಕದ ಮನೆ ಮಗು ವರ್ಷಕ್ಕೇ ನಡೀತು.’ ಟೀಚರ್ ಮಗುವನ್ನು ಕೆಳಗಿಳಿಸಿದರು. ಅದು ಬೆಂಚು ಹಿಡಿದು ಎದ್ದಿತು, ಎರಡು ಹೆಜ್ಜೆ ಪಕ್ಕಕ್ಕೆ ಸರಿಯಿತು, ದೊಪ್ಪನೆ ಕುಳಿತು ನಕ್ಕಿತು.

ವರ್ಷಕ್ಕೆ ನಡೆಯಲೇಬೇಕೆಂಬ ಲೆಕ್ಕ ಹಿರಿಯರ ಬಾಯಲ್ಲಿ ಹಿಂದಿನಿಂದಲೂ ಇದೆ. ಅದಕ್ಕೆ ವಿಜ್ಞಾನದ ಮುದ್ರೆ ಬಿದ್ದದ್ದು ಅಮೆರಿಕದಲ್ಲಿ. ಯೇಲ್ ವಿಶ್ವವಿದ್ಯಾಲಯದ ಅರ್ನಾಲ್ಡ್ ಗೆಸೆಲ್ 1920ರ ದಶಕದಿಂದ ಶಿಶುಗಳನ್ನು ಗಮನಿಸಿ, ಯಾವ ತಿಂಗಳಲ್ಲಿ ಏನು ಮಾಡುತ್ತವೆಂದು ಪಟ್ಟಿ ಮಾಡಿದರು. ಅವರು ನೋಡಿದ್ದು ಹೆಚ್ಚಾಗಿ ಅಲ್ಲಿನ ಮಧ್ಯಮವರ್ಗದ ಬಿಳಿಯರ ಮಕ್ಕಳನ್ನು. ಬರೆದದ್ದು ಸರಾಸರಿ; ಜನ ಓದಿಕೊಂಡದ್ದು ಗಡುವು.

ನಮ್ಮಲ್ಲಿ 1975ರ ಅಕ್ಟೋಬರ್ 2ರಂದು 33 ಬ್ಲಾಕ್‌ಗಳಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾಯಿತು. ಅಂಗನವಾಡಿ ಬಂತು, ತಕ್ಕಡಿ ಬಂತು, ತೂಕದ ಗ್ರಾಫ್ ಬಂತು. ಹಸಿವನ್ನು ಪತ್ತೆಹಚ್ಚಲು ಆ ಗ್ರಾಫ್ ಬೇಕೇ ಬೇಕು. ಆದರೆ ಮಗುವಿನ ಬೆಳವಣಿಗೆಯೆಂದರೆ ಒಂದೇ ಗೆರೆ ಎಂಬ ಭಾವನೆಯೂ ಅದರೊಂದಿಗೇ ನಮ್ಮಲ್ಲಿ ಬೇರೂರಿತು ಅನಿಸುತ್ತದೆ.

2006ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವೂ ಸೇರಿ 5 ದೇಶಗಳ 816 ಆರೋಗ್ಯವಂತ ಮಕ್ಕಳ ಅಧ್ಯಯನ ಪ್ರಕಟಿಸಿತು. ಆಸರೆಯಿಲ್ಲದೆ ನಡೆಯಲು ಅದು ಕೊಟ್ಟ ಅವಧಿ 8.2ರಿಂದ 17.6 ತಿಂಗಳು. ಶೇ 4.3ರಷ್ಟು ಮಕ್ಕಳು ಅಂಬೆಗಾಲಿಡಲೇ ಇಲ್ಲ! ಅಂಗನವಾಡಿಯ ಗೋಡೆಗೆ ಈ ಅಂಕಿಗಳನ್ನು ದಪ್ಪಕ್ಷರದಲ್ಲಿ ಅಂಟಿಸಬೇಕು.

ಹೆಜ್ಜೆ ಇಡಲು ಕಾಲೊಂದೇ ಸಾಲದು. ಹೊಟ್ಟೆ ತುಂಬಿರಬೇಕು, ರಕ್ತಹೀನತೆ ಇರಬಾರದು, ಓಡಾಡಲು ಒಣಗಿದ ನೆಲ ಬೇಕು. ಮಳೆಗಾಲದಲ್ಲಿ ಲೈನ್ ಮನೆಯ ನೆಲ ಥಂಡಿ, ಅಂಗಳದಲ್ಲಿ ಜಿಗಣೆ. ಅಮ್ಮ ತೋಟಕ್ಕೆ ಹೋದರೆ ಮಗು ದಿನವಿಡೀ ಅಜ್ಜಿಯ ಸೊಂಟದಲ್ಲೇ. ಮಾತಿನ ಕಥೆಯೂ ಇಂಥದ್ದೇ. ಮನೆಯಲ್ಲಿ ಯರವ ಬುಡಕಟ್ಟಿನ ಭಾಷೆ, ಅಂಗನವಾಡಿಯಲ್ಲಿ ಕನ್ನಡ. ಎರಡು ಭಾಷೆ ಕೇಳಿ ಬೆಳೆದರೆ ಮಾತು ಕುಂಠಿತವಾಗುವುದಿಲ್ಲ. ಎರಡರಲ್ಲೂ ಆಡುವ ಪದಗಳನ್ನು ಸೇರಿಸಿ ಎಣಿಸಬೇಕು.

ಹಾಗೆಂದು ‘ತಾನಾಗಿ ಆಗುತ್ತೆ ಬಿಡಿ’ ಎಂದು ಕೂರುವುದು ಅಪಾಯ. ಹದಿನೆಂಟು ತಿಂಗಳಾದರೂ ನಡೆಯದಿದ್ದರೆ, ಕಲಿತ ಮಾತು ಅಥವಾ ಆಟ ಯಾವ ವಯಸ್ಸಿನಲ್ಲೇ ಆಗಲಿ ನಿಂತುಹೋದರೆ, ವೈದ್ಯರಿಗೆ ತೋರಿಸಲೇಬೇಕು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೇ ಬಂದು ತಪಾಸಣೆ ಮಾಡುತ್ತದೆ.

ಟೀಚರ್ ತಂಡ ಬರುವ ದಿನ ಹೇಳಿದರು. ‘ಅಲ್ಲೀವರೆಗೆ ದಿನಾ ಇಲ್ಲಿ ಬಿಡಿ ಅಜ್ಜಿ, ಚಾಪೆ ಮೇಲೆ ಆಡ್ಲಿ.’ ಅಷ್ಟರಲ್ಲಿ ಮಗು ಮತ್ತೆ ಬೆಂಚು ಹಿಡಿದಿತ್ತು.