ಇಸ್ಕೂಲಿನ ‘ಇ’ಕಾರದ ಗುಟ್ಟು

‘ಇಸ್ಕೂಲು’ ಎಂದ ಹುಡುಗನನ್ನು ನೋಡಿ ತರಗತಿಯೆಲ್ಲ ನಗುತ್ತದೆ. ಸಿಂಧನೂರು, ಗಂಗಾವತಿಯ ಹಳ್ಳಿಗಳಿಂದ ಪಟ್ಟಣದ ಕಾಲೇಜಿಗೆ ಬಂದ ಎಷ್ಟೋ ಮಕ್ಕಳು ಈ ಅವಮಾನವನ್ನು ನುಂಗಿಕೊಂಡಿದ್ದಾರೆ. ನಾಲಿಗೆ ಹೊರಳದು, ಸೋಮಾರಿತನ ಎಂಬ ತೀರ್ಪು ಬೇರೆ. ಇದು ಶುದ್ಧ ಅಜ್ಞಾನ. ಆ ‘ಇ’ಕಾರಕ್ಕೆ ಖಚಿತವಾದ ಲೆಕ್ಕವಿದೆ.

ಎಲ್ಲ ಧ್ವನಿಗಳ ಮೊಳಗೂ ಒಂದೇ ಅಲ್ಲ. ಸ್ವರಗಳದು ಎಲ್ಲಕ್ಕಿಂತ ಹೆಚ್ಚು. ರ, ಲ ಅದಕ್ಕಿಂತ ಕೆಳಗೆ, ಸ ಇನ್ನೂ ಕೆಳಗೆ, ಕ, ಟ, ಪ ತೀರ ತಳದಲ್ಲಿ. ಉಚ್ಚಾರಾಂಶದ, ಅಂದರೆ ಒಂದು ಸ್ವರದ ಸುತ್ತ ಒಟ್ಟಿಗೆ ನುಡಿಯುವ ತುಣುಕಿನ, ಮೊಳಗು ಅಂಜನಾದ್ರಿ ಬೆಟ್ಟ ಹತ್ತಿ ಇಳಿದಂತೆ ಸಾಗಿದರೆ ನಾಲಿಗೆಗೆ ಸಲೀಸು. ‘ಪ್ಲೇಟು’ ಹಾಗಿದೆ: ಪ, ಅದರ ಮೇಲೆ ಲ, ತುದಿಯಲ್ಲಿ ಏ. ‘ಸ್ಕೂಲು’ ಹಾಗಿಲ್ಲ. ಸಕಾರದಿಂದ ಕಕಾರಕ್ಕೆ ಇಳಿದು ಮತ್ತೆ ಏರಬೇಕು. ಸಕಾರಕ್ಕೆ ಮೊದಲು ಒಂದು ‘ಇ’ ಬಂದರೆ ಸಕಾರ ಅದರ ಇಳಿಜಾರಿಗೆ ಸೇರಿಕೊಳ್ಳುತ್ತದೆ: ಇಸ್-ಕೂಲು. ತೊಡಕು ಮುಗಿಯಿತು. ಇಸ್ಟೇಷನ್, ಇಸ್ಟೂಲು ಎನ್ನುವವರು ‘ಇಪ್ಲೇಟು’ ಎನ್ನುವುದಿಲ್ಲ, ಗಮನಿಸಿ. ಗ್ಲಾಸಿಗೂ ‘ಇ’ಯನ್ನು ಮುಂದೆ ಹಚ್ಚುವುದಿಲ್ಲ, ನಡುವೆ ಸೇರಿಸಿ ‘ಗಿಲಾಸು’ ಎನ್ನುತ್ತಾರೆ. ಯಾರೂ ಕಲಿಸದ ನಿಯಮವನ್ನು ಇಷ್ಟು ಕರಾರುವಾಕ್ಕಾಗಿ ಪಾಲಿಸುವುದು ಸೋಮಾರಿತನವೇ? ಲ್ಯಾಟಿನ್ನಿನ ‘ಸ್ಕೋಲಾ’ ಸ್ಪೇನಿನಲ್ಲಿ ‘ಎಸ್ಕುಯೆಲಾ’ ಆದದ್ದು ಇದೇ ದಾರಿಯಲ್ಲಿ. ಫ್ರೆಂಚರಂತೂ ಮೊದಲು ‘ಎ’ ಸೇರಿಸಿ, ಮುಂದೆ ಸಕಾರವನ್ನೇ ಕೈಬಿಟ್ಟು ‘ಎಕೋಲ್’ ಎಂದರು.

ನಮ್ಮಲ್ಲಿ ಇದಕ್ಕೆ ಉರ್ದುವಿನ ಬಲವೂ ಇದೆ. 1800ರಲ್ಲಿ ನಿಜಾಮರು ಬಳ್ಳಾರಿ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟರು. ತುಂಗಭದ್ರೆಯ ಆ ದಡಕ್ಕೆ ಇಂಗ್ಲಿಷ್ ಮದ್ರಾಸಿನ ಕಚೇರಿ, ದಂಡುಗಳಿಂದ ಬಂದಿತು. ರಾಯಚೂರು, ಕೊಪ್ಪಳ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಅಲ್ಲಿ 1948ರವರೆಗೂ ಉರ್ದುವಿನದೇ ಕಾರುಬಾರು. 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಪಾಠವೂ ಉರ್ದುವಿನಲ್ಲೇ. ಪದದ ಮೊದಲಲ್ಲಿ ಇಂಥ ಒತ್ತಕ್ಷರವನ್ನು ಸಹಿಸದ ಉರ್ದು ಮಾತಿನ ಮೂಲಕ ಎಷ್ಟೋ ಇಂಗ್ಲಿಷ್ ಪದಗಳು ಈ ದಡದ ಕನ್ನಡಕ್ಕೆ ಬಂದವು.

ಪದದ ಕೊನೆಯಲ್ಲಿ ಮಾತ್ರ ಕನ್ನಡದ್ದೇ ಕಾನೂನು. ಹಳಗನ್ನಡದ ಕಣ್, ಕಲ್ ನಮಗೆ ಕಣ್ಣು, ಕಲ್ಲು ಆದವು. ಕಾಲ್ ಬರಿಯ ಕಾಲು ಆಯಿತು. ಹ್ರಸ್ವ ಸ್ವರದ ನಂತರ ದ್ವಿತ್ವ, ಅಂದರೆ ವ್ಯಂಜನ ಇಮ್ಮಡಿಯಾಗುತ್ತದೆ, ದೀರ್ಘದ ನಂತರ ಇಲ್ಲ. ಆದ್ದರಿಂದಲೇ ಬಸ್ಸು, ಪೆನ್ನು, ನಟ್ಟು, ಆದರೆ ಕಾರು, ಗೇಟು, ರೋಡು. ಸಾವಿರ ವರ್ಷದ ವ್ಯಾಕರಣ ಗ್ಯಾರೇಜಿನಲ್ಲಿ ಇಂದಿಗೂ ನಡೆಯುತ್ತಿದೆ!

ಇನ್ನು ಇಂಗ್ಲೆಂಡಿನವರಾದರೂ ಒಂದೇ ರೀತಿ ನುಡಿಯುತ್ತಾರೆಯೇ? ‘ಬಾತ್’ ಎಂಬುದರ ಸ್ವರ ದಕ್ಷಿಣದಲ್ಲಿ ದೀರ್ಘ, ಉತ್ತರದಲ್ಲಿ ಹ್ರಸ್ವ. ಕಾರಿನ ರಕಾರವನ್ನು ಲಂಡನ್ನಿನವರು ಹದಿನೆಂಟನೆಯ ಶತಮಾನದಲ್ಲಿ ಬಿಡತೊಡಗಿದರು, ಸ್ಕಾಟ್ಲೆಂಡಿನವರು ಉಳಿಸಿಕೊಂಡರು. ಕಂಪ್ಲಿಯ ಚಾಲಕ ರಕಾರವನ್ನು ಸ್ಪಷ್ಟವಾಗಿ ನುಡಿದರೆ ಅದು ತಪ್ಪಲ್ಲ.

ಸಂದರ್ಶನಕ್ಕಾಗಿ ‘ಸ್ಕೂಲ್’ ಬೇಕೇ ಬೇಕೆನ್ನುವ ಶಿಕ್ಷಕರು ಹೀಗೆ ಮಾಡಿಸಿ. ಹಾವು ಬುಸುಗುಟ್ಟುವಂತೆ ‘ಸ್’ ಅನ್ನು ಉದ್ದಕ್ಕೆ ಎಳೆಸಿ, ಉಸಿರು ನಿಲ್ಲಿಸದೆ ‘ಕೂಲ್’ ಎನ್ನಿಸಿ. ಬರಬರುತ್ತ ಎಳೆತವನ್ನು ಕಡಿಮೆ ಮಾಡಿಸಿ. ‘ಇ’ಕಾರ ತಾನಾಗಿ ಉದುರುತ್ತದೆ, ಯಾರೂ ನಗಬೇಕಾಗಿಲ್ಲ.